ನೇಪಿಯರ್‌ಗೆ ಅಡ್ವಾನ್ಸ್ ಕೊಡೋ ಮುಂಚೆ ಮೂರು ಗುಂಡಿ ತೋಡಿ

ಹಿರಿಯೂರಿನ ಅಣ್ಣಾವ್ರೇ, ಮೂರು ಎಕರೆ ಗರಸು ಕೆಂಪು ಹೊಲ, ಒಂದು ಬೋರು. ಹುಲ್ಲಿನಿಂದ ಗ್ಯಾಸ್ ತೆಗೆಯೋ ಘಟಕದ ಏಜೆಂಟು "ಸೂಪರ್ ನೇಪಿಯರ್ ಹುಲ್ಲು ಎಂಥಾ ನೆಲದಲ್ಲೂ ಬರುತ್ತೆ, ಎಕರೆಗೆ 200 ಟನ್" ಅಂದಿದ್ದಾನೆ, ನಾಟಿ ಕಡ್ಡಿಗೆ ಅಡ್ವಾನ್ಸ್ ಕೊಡ್ಲಾ ಅಂತ ಕೇಳಿದ್ದೀರಿ. ಈಗಲೇ ಕೊಡಬೇಡಿ. ಡೀಸೆಲ್‌ಗೆ ಅಂತ ಜಟ್ರೋಫಾ ಗಿಡ ಹಾಕಿಸುವಾಗಲೂ ಇದೇ ಮಾತು: ಬರಡು ನೆಲ ಸಾಕು, ನೀರು ಬೇಡ. ಗಿಡ ಬದುಕಿತು, ಬೀಜ ಕಟ್ಟಲಿಲ್ಲ.

ಮೊದಲು ನೀರು. ಬೇಸಿಗೆಯಲ್ಲಿ ನೇಪಿಯರ್ ದಿನಕ್ಕೆ ಸುಮಾರು 6 ಮಿ.ಮೀ. ಕುಡಿಯುತ್ತೆ, ಅಂದ್ರೆ ಎಕರೆಗೆ 24,000 ಲೀಟರ್. "ಒಂದೂವರೆ ಇಂಚು ನೀರಿದೆ" ಅನ್ನೋ ಲೆಕ್ಕ ಬಿಡಿ. ಏಪ್ರಿಲ್‌ನಲ್ಲಿ ಎರಡು ತಾಸು ಮೋಟರ್ ಓಡಿಸಿದ ಮೇಲೆ 200 ಲೀಟರ್ ಡ್ರಮ್ ಹಿಡಿದು ನೋಡಿ. ನಾಲ್ಕು ನಿಮಿಷಕ್ಕೆ ತುಂಬಿದ್ರೆ ತಾಸಿಗೆ 3,000 ಲೀಟರ್. ತ್ರೀ ಫೇಸ್ ಏಳು ತಾಸು ಸರಿಯಾಗಿ ಬಂದ್ರೂ 21,000. ಒಂದು ಎಕರೆಗೇ ಸಾಲದು, ಮೂರು ಎಕರೆ ಮಾತು ದೂರ. ಸಿಒ-4 ಅನ್ನೋ ನೇಪಿಯರ್ ತಳಿಗೆ ಹೇಳೋ ಎಕರೆಗೆ ವರ್ಷಕ್ಕೆ 150 ಟನ್ನಿನ ಆಸುಪಾಸಿನ ಇಳುವರಿ ನೀರು, ಗೊಬ್ಬರ ಎರಡೂ ತುಂಬಾ ಇದ್ದಾಗಿನ ಮಾತು.

ಆಮೇಲೆ ಗುಂಡಿ. "ಮಣ್ಣು ಪರೀಕ್ಷೆ ಕಾರ್ಡ್ ಇದೆಯಲ್ಲ" ಅಂತ ಕಾಮೆಂಟ್ ಹಾಕಿದವರೇ, ಆ ಕಾರ್ಡು ಮೇಲಿನ ಆರಿಂಚಿನದು. ಬೇರಿಗೆ ಅದು ಸಾಲದು. ಇಳಿಜಾರಿನ ಮೇಲೆ, ನಡುವೆ, ಕೆಳಗೆ ಒಂದೊಂದು ಗುಂಡಿ, ನಾಲ್ಕು ಅಡಿ ಆಳ. ಜೆಸಿಬಿ ಬಕೆಟ್ ಗೋಡೆಯನ್ನ ಸಾರಿಸಿದ ಹಾಗೆ ಮಾಡಿರುತ್ತೆ, ಏನೂ ಕಾಣಲ್ಲ. ಕುಡುಗೋಲಿನಿಂದ ಒಂದು ಪದರ ಕೆರೆದು ತೆಗೆಯಿರಿ. ಈಗ ಚಾಕು ಚುಚ್ಚುತ್ತಾ ಕೆಳಗಿಳಿಯಿರಿ. ಎಂಟೊಂಬತ್ತು ಇಂಚಿಗೆ ಚಾಕು ನಿಂತ್ರೆ ಅದು ವರ್ಷವರ್ಷ ಒಂದೇ ಆಳಕ್ಕೆ ಉತ್ತು ಕಟ್ಟಿದ ಗಟ್ಟಿ ಪದರ, ಬೇಸಿಗೆಯಲ್ಲಿ ಸಬ್‌ಸಾಯ್ಲರ್ (ಆಳಕ್ಕೆ ಸೀಳೋ ಟ್ರ್ಯಾಕ್ಟರ್ ನೇಗಿಲು) ಹೊಡೆಸಿದ್ರೆ ಒಡೆಯುತ್ತೆ. ಒಂದೂವರೆ ಅಡಿಗೇ ಗರಸು ಸಿಕ್ಕಿದ್ರೆ ಏನು ಮಾಡಿದ್ರೂ ಆಗಲ್ಲ, ಆ ತುಂಡನ್ನ ಬಿಡಿ. ಬೂದು ಮಣ್ಣಲ್ಲಿ ತುಕ್ಕಿನ ಚುಕ್ಕೆ ಕಂಡ್ರೆ ಅಲ್ಲಿ ನೀರು ನಿಲ್ಲುತ್ತೆ, ನೇಪಿಯರ್ ಬುಡ ಕೊಳೆಯುತ್ತೆ. ಅನುಮಾನ ಇದ್ರೆ ತಳದಲ್ಲಿ ಒಂದಡಿ ಕುಳಿ ತೆಗೆದು ಎರಡು ಸಲ ನೀರು ತುಂಬಿ, ಎರಡನೇ ಸಲ ತಾಸಿಗೆ ಎಷ್ಟು ಇಳಿಯುತ್ತೆ ಅಳೆಯಿರಿ. ಅರ್ಧ ಇಂಚಿಗಿಂತ ಕಡಿಮೆ ಇಳಿದ್ರೆ ಬಸಿಗಾಲುವೆ ಇಲ್ಲದೆ ನಾಟಿ ಬೇಡ.

ಗುಂಡಿ ಗೋಡೆಗೆ ಬಾತ್‌ರೂಮ್ ಆಸಿಡ್ ನಾಲ್ಕು ಹನಿ ಬಿಡಿ, ಕೈಗವಸು ಹಾಕಿಕೊಂಡು. ನೊರೆ ಉಕ್ಕಿದ್ರೆ ಸುಣ್ಣದ ಅಂಶ ಇದೆ. ಕಬ್ಬಿಣದ ಅಂಶ ಸಿಗದೆ ಸುಳಿ ಎಲೆ ಹಳದಿ ತಿರುಗಬಹುದು. ಅದಕ್ಕೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಸಿಡ್ ಸಿಂಪಡಣೆ, ಯೂರಿಯಾ ಸುರಿಯೋದಲ್ಲ. ಆನ್‌ಲೈನಿನ 400 ರೂಪಾಯಿಯ ಮೂರು-ಇನ್-ಒಂದು ಮಣ್ಣಿನ ಮೀಟರ್ ಮಾತ್ರ ತರಬೇಡಿ, ಅದು ಆಟಿಕೆ. ಬೋರಿನ ನೀರಿನ ಉಪ್ಪು ನೋಡಲು ಹಾನ್ನಾ ಕಂಪನಿಯ ಇಸಿ ಪೆನ್ (ನೀರಲ್ಲಿ ಅದ್ದಿ ಉಪ್ಪು ಅಳೆಯೋ ಮೀಟರ್) ಚೆನ್ನಾಗಿದೆ, ಇಲ್ಲಾಂದ್ರೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಬಾಟಲಿಯಲ್ಲಿ ನೀರು ಕೊಡಿ.

ಒಪ್ಪಂದ ಓದುವಾಗ ಮೂರು ವಿಷಯ: ಕಟಾವು ಯಾರದು, ಲಾರಿ ಬಾಡಿಗೆ ಯಾರದು, ತೇವಾಂಶಕ್ಕೆ ಎಷ್ಟು ಕಡಿತ. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಘಟಕ ದೂರ ಇದ್ದಷ್ಟೂ ನೀವು ನೀರನ್ನ ಲಾರಿಯಲ್ಲಿ ಸಾಗಿಸ್ತಾ ಇರ್ತೀರಿ. ಗ್ಯಾಸ್ ತೆಗೆದ ಮೇಲೆ ಉಳಿಯೋ ಸ್ಲರಿ (ರಾಡಿ ಗೊಬ್ಬರ) ವಾಪಸ್ ಹೊಲಕ್ಕೆ ಬರಬೇಕು ಅಂತ ಬರೆಸಿ. 100 ಟನ್ ಹುಲ್ಲು ಹೋದ್ರೆ ಹೆಚ್ಚುಕಡಿಮೆ 300 ಕೆಜಿ ಪೊಟ್ಯಾಶಿಯಂ ಹೊಲ ಬಿಟ್ಟು ಹೋಗುತ್ತೆ. ಪೊಟ್ಯಾಷ್ ಚೀಲದ ರೇಟು ನಿಮಗೇ ಗೊತ್ತು.

ನನ್ನ ಕೇಳಿದ್ರೆ ಆಳ ಇರೋ ಜಾಗದಲ್ಲಿ ಅರ್ಧ ಎಕರೆ ನೇಪಿಯರ್ ಸಾಕು, ಘಟಕ ಕೈಕೊಟ್ರೆ ದನಕ್ಕಾದ್ರೂ ಆಗುತ್ತೆ. ಗರಸಿನ ಬದುವಿಗೆ ಕಸಿ ಹೊಂಗೆ, 5 ಮೀಟರಿಗೊಂದು. ಬೀಜದ ಸಸಿ ಬೇಡ, ಒಂದು ಮರ ತುಂಬಾ ಕಾಯಿ ಬಿಟ್ರೆ ಪಕ್ಕದ್ದು ಖಾಲಿ ನಿಲ್ಲುತ್ತೆ. ಉತ್ತರದ ಬದುವಿಗೆ ಹಾಕಿದ್ರೆ ನಿಮ್ಮ ಬೆಳೆಗೆ ನೆರಳು ಕಡಿಮೆ. ಆ ಕಡೆ ಬೇರೆಯವರ ಹೊಲ ಇದ್ರೆ ಮೊದಲೇ ಮಾತಾಡಿಕೊಳ್ಳಿ.