ಬೇಡದ ಸಾಫ್ಟ್‌ವೇರ್ ತೆಗೆಯೋಕೆ ಯಾವ ಫ್ರೀ ಕ್ಲೀನರ್ ಒಳ್ಳೆಯದು?

ಬ್ರೌಸರ್ ತೆರೆದರೆ ಯಾವುದೋ ಸರ್ಚ್ ಪೇಜ್ ಬರುತ್ತದೆ, ಮೂಲೆಯಲ್ಲಿ 'ವೈರಸ್ ಇದೆ' ಅಂತ ಬರುತ್ತಲೇ ಇರುತ್ತದೆ, ಯಾವ ಕ್ಲೀನರ್ ಹಾಕಲಿ ಅಂತ ಕೇಳಿದ್ದೀರಿ. ಯಾವುದನ್ನೂ ಹಾಕಬೇಡಿ. ನಾನು ಹಾಕಿ ಅನುಭವಿಸಿದ್ದೇನೆ.

ಚಾಮರಾಜಪೇಟೆಯಲ್ಲಿ ನನ್ನದು ಡಿಟಿಪಿ ಕೆಲಸ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ ಇಂಥವು. ಒಂದು ಪಿಡಿಎಫ್ ಕನ್ವರ್ಟರ್ ಇಳಿಸಿಕೊಂಡಾಗ ಅದರ ಜೊತೆ ಒಂದು ಟೂಲ್‌ಬಾರ್ ಸೇರಿಕೊಂಡಿತು. ಅದನ್ನು ತೆಗೆಯೋಕೆ ಅಂತ ಕ್ಲೀನರ್ ಹಾಕಿದೆ. ಸ್ಕ್ಯಾನ್ ಮುಗಿದಾಗ ಪರದೆ ತುಂಬ ಕೆಂಪು ಸಾಲುಗಳು, ನೂರಾರು 'ಎರರ್', ಕೆಳಗೆ ದೊಡ್ಡ ಹಸಿರು ಬಟನ್ 'ಫಿಕ್ಸ್ ಆಲ್'. ಒತ್ತಿಬಿಟ್ಟೆ.

ಕೆಟ್ಟಿದ್ದು ಅಲ್ಲೇ. ಯಾವ ಪ್ರೋಗ್ರಾಂ ಎಲ್ಲಿದೆ, ಯಾವ ಫಾಂಟ್ ಯಾವ ಫೈಲಿನಲ್ಲಿದೆ ಅಂತ ವಿಂಡೋಸ್ ಬರೆದಿಟ್ಟುಕೊಳ್ಳುವ ಜಾಗವೇ ರಿಜಿಸ್ಟ್ರಿ. ಅದರಲ್ಲಿ ಯಾವುದು ಬೇಕು ಯಾವುದು ಬೇಡ ಅನ್ನೋದನ್ನು ಕ್ಲೀನರ್ ಊಹೆ ಮಾಡುತ್ತದೆ, ಅಷ್ಟೇ. ಆ ಪಟ್ಟಿಯಲ್ಲಿ 'ಫಾಂಟ್ಸ್' ಅಂತ ಒಂದು ಭಾಗವಿತ್ತು, ಅದರೊಳಗೆ ಕನ್ನಡ ಟೈಪ್ ಮಾಡೋಕೆ ನಾನು ಬಳಸುವ 'ನುಡಿ' ಸಾಫ್ಟ್‌ವೇರ್‌ನ ಫಾಂಟ್‌ಗಳ ಹೆಸರೂ ಇದ್ದವು. ಕೆಳಗೆ ಸರಿಸಿ ನೋಡಿದ್ದರೆ ಕಾಣುತ್ತಿತ್ತು. ನೋಡಲಿಲ್ಲ. ಮರುದಿನ ಲಗ್ನಪತ್ರಿಕೆ ತೆರೆದರೆ ವರನ ಹೆಸರಿರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ! ನುಡಿಯ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳು ಕೂತಿರೋದೇ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ, ಹಾಗಾಗಿ ಫಾಂಟ್ ಹೋದರೆ ಅಡಿಯಲ್ಲಿರುವುದು ಮಾತ್ರ ಕಾಣುತ್ತದೆ. ಫೈಲ್‌ಗೆ ಏನೂ ಆಗಿರಲಿಲ್ಲ. ನುಡಿಯನ್ನು ಮತ್ತೆ ಇನ್‌ಸ್ಟಾಲ್ ಮಾಡಿದ್ದರೆ ಸಾಕಿತ್ತು. ನನಗದು ಗೊತ್ತಿರಲಿಲ್ಲ, ವೈರಸ್ ಅಂದುಕೊಂಡು ಎಸ್‌ಪಿ ರೋಡ್‌ನ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ, ಅವರು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿಕೊಟ್ಟರು. ಡೆಸ್ಕ್‌ಟಾಪ್ ಮೇಲಿಟ್ಟಿದ್ದೆಲ್ಲ ಸಿ ಡ್ರೈವ್‌ನಲ್ಲೇ ಇರುತ್ತದೆ. ಗಿರಾಕಿಗಳು ಕೊಟ್ಟ ಫೋಟೋ, ಮ್ಯಾಟರ್ ಎಲ್ಲ ಹೋಯಿತು. ಆ ಮದುವೆಯವರಿಗೆ ಅಡ್ವಾನ್ಸ್ ವಾಪಸ್ ಕೊಟ್ಟೆ, ಅವರು ಬೇರೆ ಪ್ರೆಸ್‌ಗೆ ಹೋದರು.

ರಿಜಿಸ್ಟ್ರಿ ಕ್ಲೀನರ್‌ಗಳಿಗೆ ತನ್ನ ಬೆಂಬಲ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳುತ್ತದೆ. ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ಬದಲಾಯಿಸಿ: ಏನು ಹಾಕಲಿ ಅಲ್ಲ, ಏನು ತೆಗೆಯಲಿ.

ಸೆಟ್ಟಿಂಗ್ಸ್‌ನಲ್ಲಿ ಆಪ್ಸ್, ಅದರಲ್ಲಿ ಇನ್‌ಸ್ಟಾಲ್ಡ್ ಆಪ್ಸ್ ತೆರೆಯಿರಿ. ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನದ ಆಸುಪಾಸಿನಲ್ಲಿ ಬಂದ, ನೀವು ಹಾಕದ ಹೆಸರುಗಳು ಮೇಲೆಯೇ ಸಿಗುತ್ತವೆ, ಅವನ್ನು ಅನ್‌ಇನ್‌ಸ್ಟಾಲ್ ಮಾಡಿ. ಆದರೆ 'ಮೈಕ್ರೋಸಾಫ್ಟ್ ವಿಷುವಲ್ ಸಿ++' ಅಂತ ಬೇರೆ ಬೇರೆ ವರ್ಷದವು ಸಾಲಾಗಿ ಇರುತ್ತವೆ, ಕಸದ ಥರ ಕಾಣುತ್ತವೆ, ದಯವಿಟ್ಟು ಮುಟ್ಟಬೇಡಿ. ಬೇರೆ ಪ್ರೋಗ್ರಾಂಗಳು ಅವುಗಳ ಮೇಲೆ ನಿಂತಿವೆ.

ಇಷ್ಟಕ್ಕೇ ಬ್ರೌಸರ್ ಸರಿಹೋಗದೆ ಇರಬಹುದು. ಕ್ರೋಮ್ ಆದರೆ ಅದರ ಸೆಟ್ಟಿಂಗ್ಸ್‌ನಲ್ಲಿ ರೀಸೆಟ್ ಮಾಡಿ. ಸರ್ಚ್ ಮೊದಲಿನಂತಾಗುತ್ತದೆ, ಎಕ್ಸ್‌ಟೆನ್ಶನ್‌ಗಳು, ಅಂದರೆ ಬ್ರೌಸರ್‌ಗೆ ಸೇರಿಕೊಂಡ ಚಿಕ್ಕ ಪ್ರೋಗ್ರಾಂಗಳು, ಆಫ್ ಆಗುತ್ತವೆ, ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್ ಉಳಿಯುತ್ತವೆ. ಮೂಲೆಯಲ್ಲಿ ಬರುವ 'ವೈರಸ್ ಇದೆ' ಅನ್ನೋದು ಬಹುತೇಕ ವೈರಸ್ಸೇ ಅಲ್ಲ, ಯಾವುದೋ ಸೈಟ್‌ಗೆ ನೀವು ಕೊಟ್ಟ ನೋಟಿಫಿಕೇಶನ್ ಅನುಮತಿ. ಅದನ್ನು ಸೈಟ್ ಸೆಟ್ಟಿಂಗ್ಸ್‌ನಲ್ಲಿ ಬ್ಲಾಕ್ ಮಾಡಿ.

ಅನುಮಾನ ಇನ್ನೂ ಇದ್ದರೆ ವಿಂಡೋಸ್ ಸೆಕ್ಯುರಿಟಿಯಲ್ಲಿ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಇದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ, ಸುಮಾರು 15 ನಿಮಿಷ ಹಿಡಿಯುತ್ತದೆ. ಅಲ್ಲೇ ರೆಪ್ಯುಟೇಶನ್ ಸೆಟ್ಟಿಂಗ್ಸ್‌ನಲ್ಲಿ ಬೇಡದ ಆಪ್‌ಗಳನ್ನು ತಡೆಯುವ ಆಯ್ಕೆಯೂ ಇದೆ, ಆನ್ ಮಾಡಿಡಿ. ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್ ಹೋಗದೆ ಹಟ ಹಿಡಿದರೆ ಮಾತ್ರ ಆ ಕಂಪನಿಯದೇ ರಿಮೂವಲ್ ಟೂಲ್ ಬಳಸಿ, ಅದೂ ಅವರ ಸ್ವಂತ ಸೈಟಿನಿಂದ.

ಯಾವುದಕ್ಕೂ ಬಗ್ಗದಿದ್ದರೆ 'ರೀಸೆಟ್ ದಿಸ್ ಪಿಸಿ' ಒತ್ತಿ, 'ಕೀಪ್ ಮೈ ಫೈಲ್ಸ್' ಆರಿಸಿ. ನೀವು ಹಾಕಿದ ಆಪ್‌ಗಳು ಹೋಗುತ್ತವೆ, ನಿಮ್ಮ ಫೈಲ್‌ಗಳು ಉಳಿಯುತ್ತವೆ. ಆದರೂ ಅದಕ್ಕೆ ಮೊದಲು ಡೆಸ್ಕ್‌ಟಾಪ್ ಮೇಲಿರೋದನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.