ಶುಕ್ರನ ಧ್ರುವದಲ್ಲಿ ಕಾಣೋದು ಸೈಕ್ಲೋನಾ?

ಪ್ರಶ್ನೆ: ಸರ್, ಶುಕ್ರಗ್ರಹದ ದಕ್ಷಿಣ ಧ್ರುವದ ಫೋಟೋ ನೋಡ್ದೆ, ಎರಡು ಕಣ್ಣಿನ ಥರ ಸುಳಿ ಇದೆ. ಅದು ನಮ್ ಸೈಕ್ಲೋನ್ ಥರಾನೇನಾ? ಗ್ರಹ ಪೂರ್ತಿ ಮೋಡ ಮುಚ್ಕೊಂಡಿದ್ರೆ ಫೋಟೋ ತೆಗೆಯೋದು ಹೇಗೆ?
– ಪಿಯುಸಿ ವಿದ್ಯಾರ್ಥಿ, ಶಿರಸಿ

ಉತ್ತರ: ಫೋಟೋ ವಿಷ್ಯ ಮೊದ್ಲು ಹೇಳ್ಬಿಡ್ತೀನಿ. ಅದು ಇನ್‌ಫ್ರಾರೆಡ್ ಚಿತ್ರ, ಅಂದ್ರೆ ಅಲ್ಲಿ ಕಾಣ್ತಿರೋದು ಶಾಖ. ಯುರೋಪಿನವರ ವೀನಸ್ ಎಕ್ಸ್‌ಪ್ರೆಸ್ ನೌಕೆ 2006ರ ಏಪ್ರಿಲ್‌ನಲ್ಲಿ ಅಲ್ಲಿಗೆ ತಲುಪಿ ಇಂಥವು ಬೇಕಾದಷ್ಟು ತೆಗೀತು. ಧ್ರುವದ ಹತ್ರ ಮೋಡದ ಮೇಲ್ಭಾಗ ಬೇರೆ ಕಡೆಗಿಂತ ಕೆಲವು ಕಿಲೋಮೀಟರ್ ತಗ್ಗಿದೆ, ಕೆಳಗೆ ಹೋದಷ್ಟೂ ಬಿಸಿ ಜಾಸ್ತಿ, ಅದಕ್ಕೇ ಸುಳಿ ಹೊಳೆಯೋ ಥರ ಕಾಣುತ್ತೆ. ಉತ್ತರ ಧ್ರುವದಲ್ಲಿ ಇಂಥದ್ದೇ ಜೋಡಿ ಸುಳಿ ಇರೋದನ್ನ ಅಮೆರಿಕದ ಪಯೋನಿಯರ್ ವೀನಸ್ ಅದಕ್ಕಿಂತ ಎಷ್ಟೋ ಮುಂಚೆನೇ ನೋಡಿತ್ತು.

ಸೈಕ್ಲೋನ್ ಅಂತೂ ಅಲ್ಲ. ಸೈಕ್ಲೋನ್‌ಗೆ ಬಿಸಿ ಸಮುದ್ರ ಬೇಕು, ಅದ್ರಲ್ಲಿ ಗಾಳಿ ಮೇಲಕ್ಕೇರುತ್ತೆ. ಶುಕ್ರನಲ್ಲಿ ಸಮುದ್ರಾನೂ ಇಲ್ಲ ಏನೂ ಇಲ್ಲ, ಸಮಭಾಜಕದ ಹತ್ರ ಬಿಸಿಲಿಗೆ ಕಾದ ಗಾಳಿ ಮೇಲೆದ್ದು, ಮೋಡದ ಮಟ್ಟದಲ್ಲೇ ಎರಡೂ ಧ್ರುವದ ಕಡೆ ಸರಿದು, ಅಲ್ಲಿ ಕೆಳಗಿಳಿಯುತ್ತೆ. ಬಚ್ಚಲ ತೂಬಿನಲ್ಲಿ ನೀರು ಸುತ್ಕೊಂಡು ಇಳಿಯುತ್ತಲ್ಲ, ಹೆಚ್ಚುಕಮ್ಮಿ ಹಾಗೆ. ಸುತ್ತೋದು ಯಾಕೆ ಅಂದ್ರೆ ಆ ಗಾಳಿ ಮೊದ್ಲೇ ಭಯಂಕರ ಸ್ಪೀಡಲ್ಲಿದೆ: ಗ್ರಹ ಒಂದು ಸುತ್ತು ತಿರುಗೋಕೆ ನಮ್ಮ 243 ದಿನ ತಗೊಂಡ್ರೆ, ಮೇಲಿನ ಮೋಡಗಳು ಸೆಕೆಂಡಿಗೆ ಸುಮಾರು 100 ಮೀಟರ್ ವೇಗದಲ್ಲಿ ನಾಲ್ಕೇ ದಿನಕ್ಕೆ ಇಡೀ ಗ್ರಹ ಸುತ್ತಿ ಬರ್ತವೆ, ಧ್ರುವದ ಸುಳಿಗೆ ಅಷ್ಟೂ ಬೇಡ, ಎರಡೂವರೆ ದಿನ ಸಾಕು.

ಇನ್ನು ಆ ಎರಡು ಕಣ್ಣು. ಅದನ್ನ ಜಾಸ್ತಿ ನಂಬ್ಬೇಡಿ! ಮೊದ್ಲು ವಿಜ್ಞಾನಿಗಳೂ ಅದು ಯಾವಾಗ್ಲೂ ಜೋಡಿಯಾಗೇ ಇರುತ್ತೆ ಅಂದ್ಕೊಂಡಿದ್ರು, ವರ್ಷಗಟ್ಲೆ ನೋಡಿದ್ಮೇಲೆ ಗೊತ್ತಾಯ್ತು, ಒಂದಿನ ಮೊಟ್ಟೆ ಆಕಾರ, ಇನ್ನೊಂದಿನ ಎಸ್ ಅಕ್ಷರ, ಮತ್ತೊಂದಿನ ಏನೂ ಅಂತ ಹೇಳೋಕಾಗ್ದಿರೋ ಗೋಜಲು. ಮಧ್ಯಬಿಂದು ಕೂಡ ಸರಿಯಾಗಿ ಧ್ರುವದ ಮೇಲಿರಲ್ಲ, ಸುಮಾರು 3 ಡಿಗ್ರಿ ಆಚೆ ಅಲೀತಾ ಇರುತ್ತೆ, ಮೇಲಿನ ಮೋಡದಲ್ಲಿ ಒಂದು ಕಡೆ ಇದ್ರೆ ಇಪ್ಪತ್ತು ಕಿಲೋಮೀಟರ್ ಕೆಳಗೆ ಬೇರೆ ಕಡೆ. ನನಗಂತೂ ಇದೇ ಮಜಾ ಅನ್ಸೋದು, ಯಾಕಂದ್ರೆ ಶುಕ್ರನ ಅಕ್ಷ ಹೆಚ್ಚು ವಾಲಿಲ್ಲ, ಋತುಗಳೇ ಇಲ್ಲ ಅನ್ಬಹುದು, ಆದ್ರೂ ಇಷ್ಟು ಚಂಚಲ.

ವೀನಸ್ ಎಕ್ಸ್‌ಪ್ರೆಸ್ ಕೆಲ್ಸ 2014ಕ್ಕೆ ಮುಗೀತು. ಆಮೇಲೆ 2015ರಲ್ಲಿ ಶುಕ್ರನ ಕಕ್ಷೆ ಸೇರಿದ ಜಪಾನಿನ ಅಕತ್ಸುಕಿ ನೌಕೆ ಸಮಭಾಜಕದ ಮೇಲೇ ಸುತ್ತುತ್ತಿದ್ದರಿಂದ ಧ್ರುವ ಅದಕ್ಕೆ ಓರೆಯಾಗಷ್ಟೇ ಕಾಣ್ತಿತ್ತು. ನಮ್ಮ ಇಸ್ರೋದ ಶುಕ್ರಯಾನಕ್ಕೆ 2024ರಲ್ಲಿ ಒಪ್ಪಿಗೆ ಸಿಕ್ಕಿದೆ, 2028ಕ್ಕೆ ಹಾರಿಸೋ ಪ್ಲಾನ್ ಇದೆ.