3.8 ಲಕ್ಷದ ಶಿಕ್ಷಣ ಸಾಲಕ್ಕೆ ಹೊಲ ಅಡಮಾನ ಕೇಳಿದರೆ

ಕಲಬುರಗಿಯ ಬ್ಯಾಂಕ್ ಶಾಖೆಯೊಂದು ನಿಮ್ಮ ತಂಗಿಯ ಬಿ.ಇ. ಓದಿಗೆ 3.8 ಲಕ್ಷ ರೂಪಾಯಿ ಸಾಲ ಕೊಡಲು ಹೊಲದ ಅಡಮಾನ ಕೇಳುತ್ತಿದೆ ಎಂದಿದ್ದೀರಿ; ಅರ್ಜಿಯನ್ನು ದಾಖಲಿಸದೆ ಬಾಯಿಮಾತಿನಲ್ಲೇ ತೀರ್ಮಾನಿಸಿರುವುದು ಇದಕ್ಕೆ ಕಾರಣವಿರಬಹುದು. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ 4 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಬೇಕಿಲ್ಲ, ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಹಾಕಬೇಕು. ನನ್ನ ತಮ್ಮನ ಸಾಲಕ್ಕೂ ಪಹಣಿ ತನ್ನಿ ಎಂದು ಮೂರು ಬಾರಿ ಹಿಂದಕ್ಕೆ ಕಳಿಸಿದ್ದರು. ಆನ್‌ಲೈನ್ ಅರ್ಜಿ ಸಂಖ್ಯೆ ಮುಂದಿಟ್ಟ ಮೇಲೆಯೇ ಪಹಣಿಯ ಮಾತು ನಿಂತಿತು.

ಮೊದಲು ಶಿಕ್ಷಣ ಸಾಲದ ಆನ್‌ಲೈನ್ ಅರ್ಜಿಗೆಂದೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿ. ಬಳಿಕ ಕಾಲೇಜಿನಿಂದ ಮೊಹರಿರುವ ಶುಲ್ಕಪತ್ರ ಪಡೆಯಿರಿ; ಅದರಲ್ಲಿ ನಾಲ್ಕೂ ವರ್ಷದ ಬೋಧನಾ ಶುಲ್ಕ, ಹಾಸ್ಟೆಲ್, ಪುಸ್ತಕದ ವೆಚ್ಚ ಬೇರೆ ಬೇರೆಯಾಗಿ ಇರಲಿ, ಒಟ್ಟು ಮೊತ್ತವಷ್ಟೇ ಇದ್ದರೆ ಮತ್ತೆ ಓಡಾಡಿಸುತ್ತಾರೆ. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಇಂದೇ ಅರ್ಜಿ ಹಾಕಿ, ಏಕೆಂದರೆ ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು ಕಾಲೇಜು ಅರ್ಹವಾಗಿದ್ದರೆ, ಓದಿನ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯಿದೆ. ಸಾಲ ಮಂಜೂರಾಗುವಾಗಲೇ ಅದನ್ನು ಕಡತದಲ್ಲಿ ನಮೂದಿಸಲು ಕೇಳಿ.

ಇದು ಸಿಇಟಿ ಸೀಟಿಗೆ ಹೇಳಿದ್ದು. ಮ್ಯಾನೇಜ್‌ಮೆಂಟ್ ಕೋಟಾ ಆಗಿದ್ದರೆ ಬ್ಯಾಂಕಿನ ನಿಲುವು ಬೇರೆಯಿರಬಹುದು.

ಅರ್ಜಿ ಸಂಖ್ಯೆ, ಕಾಗದಪತ್ರ ಕೊಟ್ಟ ಮೇಲೂ ಬ್ಯಾಂಕ್ ಒಪ್ಪದಿದ್ದರೆ ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೇಳಿ, ಬ್ಯಾಂಕಿಗೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ಉಚಿತವಾಗಿ ದೂರು ಸಲ್ಲಿಸಬಹುದು.